ಹೊಳೆ ದಂಡೆಯ ಬುಟ್ಟಿ

ಸ್ವಲ್ಪ ನಿಲ್ಲಿ, ಇದನ್ನು ಪೂರ್ತಿ ಕೇಳಿಸಿಕೊಳ್ಳಿ. ‘ಇದು ಕ್ರೈಸ್ತರ ಕಥೆ, ನಮಗೇನು ಸಂಬಂಧ’ ಎಂದು ಯಾರೂ ಪುಟ ತಿರುವಬೇಡಿ. ‘ಇವನು ನಮ್ಮ ಸಭೆಯನ್ನು ಆಡಿಕೊಳ್ಳಲು ಬಂದಿದ್ದಾನೆ’ ಎಂದು ವಿಶ್ವಾಸಿಗಳೂ ಎದ್ದು ಹೋಗಬೇಡಿ. ನಾನೂ ಯೇಸುವನ್ನು ನಂಬಿದವನೇ, ಅದೇ ಸಭೆಯ ಚಾಪೆಯ ಮೇಲೆ ಕೂತು ಚಪ್ಪಾಳೆ ತಟ್ಟಿ ಹಾಡಿದವನೇ. ನಂಬಿದ್ದೇನೆ, ಅದಕ್ಕೇ ಸುಮ್ಮನಿರಲು ಆಗುತ್ತಿಲ್ಲ.

ನೇಸರಗಿಯಲ್ಲಿ ನಮ್ಮ ಮನೆಯ ಎದುರಿಗೇ ರಾಮಲಿಂಗಪ್ಪನ ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ. ಬೆಳಿಗ್ಗೆ ಬೆಲ್ಟು ತಿರುಗಲು ಶುರುವಾಯಿತೆಂದರೆ ನಮ್ಮ ಮನೆಯ ಮಾಡದಲ್ಲಿಟ್ಟ ಗಾಜಿನ ಲೋಟಗಳೂ ಗಲಗಲ ಎನ್ನುತ್ತಿದ್ದವು. ಹೆಂಗಸರು ಜೋಳದ ಡಬ್ಬಿಗಳನ್ನು ಸಾಲಾಗಿ ಇಟ್ಟು, ಕರೆಂಟು ಹೋದರೆ ಅಲ್ಲೇ ಕಟ್ಟೆಯ ಮೇಲೆ ಕೂತು ಊರಿನ ಸುದ್ದಿಯನ್ನೆಲ್ಲ ಬೀಸುತ್ತಿದ್ದರು. ರಾಮಲಿಂಗಪ್ಪ, ಅವನ ಹೆಂಡತಿ ಸಾವಿತ್ರೆವ್ವ, ಬೈಲಹೊಂಗಲದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವ ಮಗಳು ಗಂಗಾ, ಮತ್ತೆ ಹೊಸ್ತಿಲಲ್ಲಿ ಕೂತು ಹೋಗಿ ಬರುವವರನ್ನೆಲ್ಲ ತಡೆದು ಮಾತಾಡಿಸುವ ಅವನ ತಾಯಿ ಕೆಂಚವ್ವ. ಇಷ್ಟೇ ಮನೆ.

ಒಂದು ಮಾತು ಊರಿಗೆಲ್ಲ ಗೊತ್ತಿತ್ತು. ರಾಮಲಿಂಗಪ್ಪ ಹಿಟ್ಟು ಹೊಡೆಯುತ್ತಿದ್ದ. ಹಿಟ್ಟು ಇಳಿಯುವ ಬಾಯಿಗೆ ಕಟ್ಟಿದ ಬಟ್ಟೆಯನ್ನು ಅವನು ಪೂರ್ತಿ ಝಾಡಿಸುತ್ತಲೇ ಇರಲಿಲ್ಲ. ಒಬ್ಬೊಬ್ಬರದೂ ಒಂದೊಂದು ಹಿಡಿ ಅದರಲ್ಲೇ ಉಳಿಯುತ್ತಿತ್ತು, ಸಂಜೆ ಝಾಡಿಸಿದರೆ ಮನೆಯ ರೊಟ್ಟಿಗೆ ಆಗುತ್ತಿತ್ತು.

“ಏನೋ ರಾಮಲಿಂಗಪ್ಪಾ, ನಾ ಡಬ್ಬಿ ತುಂಬ ಜ್ವಾಳ ತಂದಿದ್ನಿ, ಹಿಟ್ಟ ಇಷ್ಟಽ ಆತು?” ಎಂದು ಯಾರಾದರೂ ಕೇಳಿದರೆ, “ಜ್ವಾಳ ಹುಳಾ ತಿಂದಿತ್ತಬೇ ಯಕ್ಕಾ, ನಾ ಏನ ಮಾಡ್ಲಿ?” ಎಂದು ಬಿಡುತ್ತಿದ್ದ. ಒಳಗಿನಿಂದ ಕೆಂಚವ್ವ ಸಣ್ಣಗೆ, “ಎರಡ ಕಾಲಿನ ಹುಳಾ,” ಎಂದು ಗೊಣಗಿ ತಾನೇ ನಗುತ್ತಿದ್ದಳು. ನಕ್ಕು ಅದೇ ಹಿಟ್ಟಿನ ರೊಟ್ಟಿ ಬಡಿಯುತ್ತಿದ್ದಳು.

ತೊಂಬತ್ತೇಳನೆಯ ಇಸವಿಯ ಚಳಿಗಾಲದಲ್ಲಿ ರಾಮಲಿಂಗಪ್ಪನಿಗೆ ಕೆಮ್ಮು ಹತ್ತಿತು. ಹಿಟ್ಟಿನ ಧೂಳು ಎಂದುಕೊಂಡರು. ಧೂಳಿನ ಕೆಮ್ಮು ಸಂಜೆಯಾದರೆ ಜ್ವರ ತರುವುದಿಲ್ಲ, ಮೈಯನ್ನು ಹಗ್ಗದ ಹಾಗೆ ತೆಳ್ಳಗೆ ಮಾಡುವುದಿಲ್ಲ. ಆಮೇಲೆ ಹರಕೆಗಳು ಶುರುವಾದವು. ದೇವರ ಜೊತೆ ಹೇಗೆ ಮಾತಾಡಬೇಕು ಎಂದು ಆ ಮನೆಗೆ ಒಂದೇ ರೀತಿ ಗೊತ್ತಿತ್ತು: ನಾವು ಏನಾದರೂ ಬಿಡಬೇಕು, ಆಗ ದೇವರು ಏನಾದರೂ ಕೊಡುತ್ತಾನೆ. ಸಿರಸಂಗಿಯ ಕಾಳಮ್ಮನಿಗೆ ಹರಕೆ ಹೊತ್ತು ಚಹಾ ಬಿಟ್ಟ. ಮುರಗೋಡದ ಮಠಕ್ಕೆ ಹೋಗಿ ಬಂದು ಎಲೆ ಅಡಿಕೆ ಬಿಟ್ಟ. ಯಾರೋ ಹೇಳಿದರೆಂದು ದರ್ಗಾಕ್ಕೆ ಹೋಗಿ ಬಂದು ಕಾಲಿಗೆ ಚಪ್ಪಲಿ ಹಾಕುವುದನ್ನು ಬಿಟ್ಟ.

“ಇನ್ನ ಉಸರ ಒಂದ ಬಿಡೂದು ಉಳದೈತಿ,” ಎಂದು ಸಾವಿತ್ರೆವ್ವ ಒಂದು ಬೆಳಿಗ್ಗೆ ಗಿರಣಿಗೆ ಬೀಗ ಹಾಕಿದಳು. “ನಡೀರಿ, ದವಾಖಾನಿಗೆ.”

ಬೈಲಹೊಂಗಲದ ಸರಕಾರಿ ದವಾಖಾನೆಯಲ್ಲಿ ಕಫ ನೋಡಿದರು, ಎದೆಯ ಫೋಟೋ ತೆಗೆದರು, ಕ್ಷಯ ಎಂದರು. ಡಾಕ್ಟರು ಗುಳಿಗೆಯ ಪೊಟ್ಟಣ ಕೈಗೆ ಕೊಡುವಾಗ ಸಾವಿತ್ರೆವ್ವನ ಕಡೆಗೇ ತಿರುಗಿ, “ನೋಡಬೇ, ಒಂದೆರಡ ತಿಂಗಳಿಗೆ ಇವರಿಗೆ ಆರಾಮ ಆದಂಗ ಅನಸತೈತಿ. ಆಗ ಬಿಟ್ರ ಕೆಟ್ರ. ಕೆಮ್ಮು ನಿಂತರೂ ಗುಳಿಗಿ ನಿಲ್ಲಬಾರದು. ನಾವು ಸಾಕು ಅನ್ನೂತನಕ,” ಎಂದರು. ಈ ಮಾತನ್ನು ಸಾವಿತ್ರೆವ್ವ ಊರಿಗೆ ಬಂದು ನಮ್ಮ ಅವ್ವನ ಮುಂದೆಯೂ ಹೇಳಿದಳು. ಅದಕ್ಕೇ ನನಗೆ ಗೊತ್ತು.

ಕ್ಷಯ ಎಂದು ಗೊತ್ತಾದ ಮೇಲೆ ಗಿರಣಿಯ ಮುಂದೆ ಡಬ್ಬಿಗಳು ಕಡಿಮೆಯಾದವು. ಕಟ್ಟೆಯ ಮೇಲೆ ಕೂರುವವರೂ ಇಲ್ಲ. ಆಗ ದಿನವೂ ಬಂದವನು ಒಬ್ಬನೇ, ಬಸ್‌ಸ್ಟ್ಯಾಂಡ್ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದ ದುಂಡಪ್ಪ. ಅವನು ನಮ್ಮ ಪ್ರಾರ್ಥನಾ ಸಭೆಯ ಹಿರಿಯ. ಒಂದು ಕಾಲಕ್ಕೆ ಊರಿಗೇ ಹೆಸರಾದ ಜಗಳಗಂಟ, ಯೇಸುವನ್ನು ನಂಬಿದ ಮೇಲೆ ಮನುಷ್ಯನೇ ಬೇರೆ ಆಗಿದ್ದ. ಎಣ್ಣೆ ಹತ್ತಿದ ಕೈ ತೊಳೆದುಕೊಂಡು ಬಂದು ರಾಮಲಿಂಗಪ್ಪನ ಪಕ್ಕದಲ್ಲೇ ಕೂತು, ಅವನ ತಾಟಿನಲ್ಲೇ ಕೈ ಹಾಕಿ ಊಟ ಮಾಡುತ್ತಿದ್ದ. ದುಂಡಪ್ಪನನ್ನು ನಾನು ಕೆಟ್ಟವನು ಎನ್ನುವುದಿಲ್ಲ, ನೀವೂ ಎನ್ನಬೇಡಿ. ಕೆಟ್ಟವರು ಮಾಡಿದ್ದಾದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ.

ದುಂಡಪ್ಪ ಯೇಸುವಿನ ಮಾತು ಹೇಳಿದ. ದೇವರು ನಿನ್ನ ಹಳೆಯ ಪಾಪಗಳನ್ನು ಕ್ಷಮಿಸಿ ಮಗನೆಂದು ಕರೆಯುತ್ತಾನೆ ಎಂದ. ರಾಮಲಿಂಗಪ್ಪ ಕೆಲವು ದಿನ ಸುಮ್ಮನೆ ಕೇಳಿದ. ಒಂದು ಬೆಳಿಗ್ಗೆ, ಉಳಿದಿದ್ದ ನಾಲ್ಕಾರು ಗಿರಾಕಿಗಳ ಮುಂದೆ, ಗಿರಣಿಯ ಬಟ್ಟೆಯನ್ನು ತಲೆಕೆಳಗಾಗಿ ಹಿಡಿದು ಪಟಪಟ ಝಾಡಿಸಿದ. ಮೂಲೆಮೂಲೆಯ ಹಿಟ್ಟೆಲ್ಲ ಅವರವರ ಡಬ್ಬಿಗೆ ಬಿತ್ತು.

“ಇಷ್ಟ ದಿನಾ ನಿಮ್ಮ ಹಿಟ್ಟ ನಾ ತಿಂದೇನ್ರಿ,” ಎಂದ. “ಎಷ್ಟಂತ ಲೆಕ್ಕ ಇಟ್ಟಿಲ್ಲ. ಮಾಫ ಮಾಡ್ರಿ. ಇನ್ನ ಮ್ಯಾಲ ಹಿಂಗ ಆಗೂದಿಲ್ಲ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಹೊಸ್ತಿಲಲ್ಲಿದ್ದ ಕೆಂಚವ್ವ ತಲೆ ಮೇಲೆ ಸೆರಗು ಎಳೆದುಕೊಂಡು, “ಅಯ್ಯ ಶಿವನಽ, ನಾಳಿಂದ ಜ್ವಾಳ ಕೊಂಡ ತರಬೇಕಲೋ! ನಿಮ್ಮ ಯೇಸು ಚೀಲ ಹೊತಗೊಂಡ ಬರತಾನೇನು?” ಎಂದಳು.

“ಬಂದ್ರ ಬಂದಾನಬೇ, ದಾರಿ ಬಿಟ್ಟ ಕೂಡು,” ಎಂದ ರಾಮಲಿಂಗಪ್ಪ. ಎಲ್ಲರೂ ನಕ್ಕರು. ಅವನು ಅಷ್ಟು ಹಗುರಾಗಿ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಓದುವವರೇ, ಇಲ್ಲಿ ಒಂದು ಕ್ಷಣ ತಡೆಯಿರಿ. ಒಬ್ಬ ಮನುಷ್ಯ ದೇವರ ಕಡೆ ತಿರುಗಿದ ಎಂದರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಬೆಳಗನ್ನೇ ತೋರಿಸುತ್ತೇನೆ. ಯಾರೂ ಅವನಿಗೆ ಹಿಟ್ಟು ವಾಪಸ್ ಕೊಡು ಎಂದಿರಲಿಲ್ಲ. ಕ್ಷಮೆ ಸಿಕ್ಕಿತು, ಆ ಸಂತೋಷಕ್ಕೆ ಕೈ ತಾನಾಗಿ ತೆರೆಯಿತು. ಇದಕ್ಕಿಂತ ಹೆಚ್ಚಿನದು ಏನೂ ಬೇಕಿರಲಿಲ್ಲ. ಆದರೆ ನಮ್ಮ ಸಭೆಗೆ ಬೇಕಿತ್ತು. ನಮ್ಮ ಸಭೆಗೆ ಬುಟ್ಟಿ ಬೇಕಿತ್ತು.

ಬುಟ್ಟಿಯ ವಿಷಯ ಹೇಳುತ್ತೇನೆ. ಹೊಸದಾಗಿ ನಂಬಿದವರನ್ನು ನೀರಿನಲ್ಲಿ ಮುಳುಗಿಸಿ ಕೊಡುವ ದೀಕ್ಷಾಸ್ನಾನಕ್ಕೆ ನಾವು ಟೆಂಪೋ ಮಾಡಿಕೊಂಡು ಮುನವಳ್ಳಿಯ ಹತ್ತಿರ ಮಲಪ್ರಭೆಯ ದಂಡೆಗೆ ಹೋಗುತ್ತಿದ್ದೆವು. ಹಿಂದೊಮ್ಮೆ ದುಂಡಪ್ಪ ತಾನು ನೀರಿಗಿಳಿಯುವ ಮೊದಲು ತನ್ನ ತಂಬಾಕಿನ ಚೀಲವನ್ನು ಅಲ್ಲಿದ್ದ ಬಿದಿರಿನ ಬುಟ್ಟಿಯಲ್ಲಿ ಹಾಕಿ, ಮತ್ತೆ ಮುಟ್ಟಲೇ ಇಲ್ಲ. ಒಳ್ಳೆಯದೇ ಆಯಿತು. ಮುಂದಿನ ಸಲ ಬಂದವರು ಗುಟ್ಕಾ ಹಾಕಿದರು, ತಾಯತ ಬಿಚ್ಚಿ ಹಾಕಿದರು. ಅದರ ಮುಂದಿನ ಸಲ ಒಬ್ಬ ಮುದುಕ ಮೊಣಕಾಲು ನೋವಿನ ಗುಳಿಗೆ ಹಾಕಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿಂದ ಗುಳಿಗೆಗಳು ಬಂದವು. ರಕ್ತದೊತ್ತಡದ್ದು, ಸಕ್ಕರೆ ಕಾಯಿಲೆಯದು, ಮೂರ್ಛೆ ರೋಗದ್ದು. ಇದಕ್ಕೆ ‘ಭಾರ ಇಳಿಸುವುದು’ ಎಂದು ಹೆಸರಾಯಿತು. ಕೆಲವೇ ವರ್ಷಗಳಲ್ಲಿ ಬುಟ್ಟಿಗೆ ಏನಾದರೂ ಹಾಕದವರನ್ನು ನೀರಿಗೆ ಇಳಿಸುವುದೇ ನಿಂತಿತು. ಯಾವ ಹಳೆಯ ಚರ್ಚಿನಲ್ಲೂ ಇದಿಲ್ಲ, ಯೇಸು ಹೇಳಿದ್ದೂ ಅಲ್ಲ. ನಾವು ದೇವರನ್ನು ಬದಲಿಸಿದೆವು, ಆದರೆ ಹರಕೆಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಬಂದೆವು.

ರಾಮಲಿಂಗಪ್ಪನ ದೀಕ್ಷೆಯ ಹಿಂದಿನ ಸಂಜೆ ದುಂಡಪ್ಪನೂ ನಾನೂ ಅವನ ಮನೆಯಲ್ಲಿ ಕೂತಿದ್ದಾಗ ಮಾತು ಎದ್ದಿತು. ಅಷ್ಟು ಹೊತ್ತಿಗೆ ಗುಳಿಗೆಗಳ ಗುಣದಿಂದ ಕೆಮ್ಮು ನಿಂತು, ಮುಖ ತುಂಬಿಕೊಂಡಿತ್ತು.

“ಅಣ್ಣಾರ,” ಎಂದಳು ಸಾವಿತ್ರೆವ್ವ ಚಹಾದ ಬಸಿ ಮುಂದಿಟ್ಟು, “ಇವರ ಗುಳಿಗಿ ಬುಟ್ಟಿಗೆ ಹಾಕಬ್ಯಾಡ್ರಿ. ಡಾಕ್ಟರ ಅಷ್ಟ ಹೇಳ್ಯಾರ.”

“ಯಾಕ ತಂಗಿ, ಕೆಮ್ಮು ಎಲ್ಲೈತಿ ಈಗ? ಕೇಳಸ್ತೈತೇನು?”

“ಗುಳಿಗಿ ತಗೊಂಡಾರ, ಅದಕ್ಕ ಇಲ್ಲ.”

“ಪ್ರಾರ್ಥನಾ ಮಾಡಿದ್ದು?”

“ಅದೂ ಆತು. ಎರಡೂ ಇರಲಿ.”

ದುಂಡಪ್ಪ ನಕ್ಕ. “ಒಂದ ಕೈಯಾಗ ಗುಳಿಗಿ, ಒಂದ ಕೈಯಾಗ ಯೇಸು! ಹಿಂಗ ಇಬ್ಬರನ್ನ ನಂಬಿದ್ರ ಪ್ರಭು ಏನ ತಿಳಕೊಂಡಾನು? ಇಂವಾ ನನ್ನ ಪೂರ್ತಿ ನಂಬಿಲ್ಲ ಅಂತಾನ.”

ಆಗ ಕೆಂಚವ್ವ ಬಾಯಿ ಹಾಕಿದಳು. ಮಗ ಕುಲದ ದೇವರನ್ನು ಬಿಟ್ಟನೆಂದು ತಿಂಗಳಿಂದ ಅವನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. “ಏ ದುಂಡ್ಯಾ, ನಮ್ಮ ದೇವರ ಬಿಡಿಸಿದಿ. ಹೋಗಲಿ, ಅವ ಸಿಟ್ಟಾದ್ರ ನಾ ಕಾಲ ಹಿಡಕೋತೇನಿ. ಗುಳಿಗಿ ಯಾಕ ಬಿಡಸ್ತಿ? ಗುಳಿಗಿಗೆ ಯಾವ ಜಾತಿ?”

“ಆಯಿ ಹೇಳೂದು ಖರೇ ಐತಿ ಕಾಕಾ,” ಎಂದಳು ಗಂಗಾ.

ಎಲ್ಲರೂ ರಾಮಲಿಂಗಪ್ಪನ ಮುಖ ನೋಡಿದರು. ಅವನು ಹೆಂಡತಿಯ ಮಾತನ್ನು ತೂಗಿ ನೋಡುತ್ತಿದ್ದ, ಅದು ನನಗೆ ಕಂಡಿತು. ಆದರೆ ಜೀವಮಾನವಿಡೀ ದೇವರಿಗೆ ಏನಾದರೂ ಬಿಟ್ಟೇ ಬಂದವನು ಅವನು. ಇಷ್ಟು ದೊಡ್ಡ ಕ್ಷಮೆಗೆ ಏನೂ ಬಿಡದೆ ಬರಿಗೈಯಲ್ಲಿ ಹೋಗುವುದು ಅವನಿಗೆ ನಾಚಿಕೆ.

“ಇಡತೇನಿ,” ಎಂದ. “ನನ್ನ ಕಡೆ ಮತ್ತೇನೈತಿ ಕೊಡಾಕ?”

ಮರುದಿನ ಇಟ್ಟ. ನಾವು ಹಾಡಿದೆವು.

ಆಮೇಲೆ ಅವನಿಗೆ ಬಿಡುವೇ ಇಲ್ಲ. ಕ್ಷಯದಿಂದ ಎದ್ದು ಬಂದ ಮನುಷ್ಯ ಎಂದು ಸಭೆಸಭೆಗೆ ಸಾಕ್ಷಿ ಹೇಳಲು ಕರೆದರು. ಸವದತ್ತಿಗೆ ಹೋದ, ಕಿತ್ತೂರಿಗೆ ಹೋದ, ರಾಮದುರ್ಗದ ದೊಡ್ಡ ಕೂಟದಲ್ಲಿ ಮೈಕಿನ ಮುಂದೆ ನಿಂತು, “ಗುಳಿಗಿ ಬುಟ್ಟ್ಯಾಗ ಇಟ್ಟೆ, ಕೆಮ್ಮು ಹೊಳ್ಯಾಗ ಹೋತು,” ಎಂದ. ಜನ ಅತ್ತರು. ಅವನ ಮಾತು ಕೇಳಿ ಎಷ್ಟೋ ಜನ ತಮ್ಮ ಗುಳಿಗೆಗಳನ್ನೂ ತಂದಿಟ್ಟರು.

ಮಳೆಗಾಲ ಮುಗಿಯುವಾಗ ಕೆಮ್ಮು ವಾಪಸ್ ಬಂತು.

ಅವನು ಯಾರಿಗೂ ಹೇಳಲಿಲ್ಲ. ಗಿರಣಿಯ ಸದ್ದಿನಲ್ಲಿ ಕೆಮ್ಮುತ್ತಿದ್ದ, ಸದ್ದು ನಿಂತರೆ ಬಾಯಿ ಬಿಗಿಹಿಡಿದು ಹಿತ್ತಲಿಗೆ ಹೋಗುತ್ತಿದ್ದ. ಕರೆಂಟು ಹೋಗುವುದೆಂದರೆ ಅವನಿಗೆ ಭಯ. ಸಾವಿತ್ರೆವ್ವ ಒಂದು ಮಧ್ಯಾಹ್ನ ಕಸ ಗುಡಿಸಲು ಹೋದಾಗ ಮೋಟಾರಿನ ಹಿಂದೆ ತುರುಕಿದ್ದ ಬಟ್ಟೆ ಸಿಕ್ಕಿತು. ಬಿಡಿಸಿದರೆ ರಕ್ತ. ಅವಳು ಕೂಗಿದ್ದು ನಮ್ಮ ಮನೆಗೆ ಕೇಳಿತು. ನಾನೂ ನಮ್ಮ ಅವ್ವನೂ ಓಡಿದೆವು.

“ಯಾವಾಗಿಂದ ಇದು? ಯಾಕ ಹೇಳಲಿಲ್ಲ? ನಾ ಏನ ಸತ್ತ ಹೋಗಿದ್ನೇನು?”

ರಾಮಲಿಂಗಪ್ಪ ಹಿಟ್ಟಿನ ಚೀಲದ ಮೇಲೆ ಕೂತಿದ್ದ. “ಹೆಂಗ ಹೇಳ್ಲಿ ಸಾವಿತ್ರಿ? ರಾಮದುರ್ಗದಾಗ ಅಷ್ಟ ಮಂದಿ ಮುಂದ ಹೇಳಿ ಬಂದೇನಿ. ನಾ ಕೆಮ್ಮಿದ್ರ ಸಾಕ್ಷಿ ಸುಳ್ಳ ಅಕ್ಕತಿ. ಯೇಸು ಸುಳ್ಳ ಅಕ್ಕಾನ.”

“ಮತ್ತ ಸತ್ರ?”

“ಸತ್ರ... ಅವತ್ತ ಬ್ಯಾರೆ ಏನರ ಆಗಿ ಸತ್ತಾ ಅಂತ ಹೇಳ್ರಿ.”

ಎಂಥ ಮಾತು ನೋಡಿ! ರಕ್ಷಿಸುವ ದೇವರನ್ನು ನಂಬಿದವನು ಈಗ ಆ ದೇವರ ಮಾನವನ್ನು ತಾನು ರಕ್ಷಿಸಲು ಹೊರಟಿದ್ದ, ತನ್ನ ಎದೆಯ ರಕ್ತವನ್ನು ಬಟ್ಟೆಯಲ್ಲಿ ಬಚ್ಚಿಟ್ಟು. ನಂಬಿಕೆ ಅವನಿಗೆ ಇನ್ನೊಂದು ಭಯವಾಗಿತ್ತು. ನಾವೇ ಹಾಗೆ ಮಾಡಿದ್ದೆವು.

ದವಾಖಾನೆಗೆ ಎಷ್ಟು ಕರೆದರೂ ಅವನು ಏಳಲಿಲ್ಲ. ಸಾವಿತ್ರೆವ್ವ ಬೈಲಹೊಂಗಲಕ್ಕೆ ಹೋಗಿ, ಅಲ್ಲಿನ ಹಳೆಯ ಚರ್ಚಿನಿಂದ ನಿವೃತ್ತರಾಗಿದ್ದ ಪಾದ್ರಿ ಪ್ರಭುದಾಸ ಅಯ್ಯನವರನ್ನು ಕರೆತಂದಳು. ಕೊಡೆ ಊರಿಕೊಂಡು ಬಂದ ಮುದುಕರು. ದುಂಡಪ್ಪನಿಗೂ ಹೇಳಿಕಳಿಸಿದರು. ಮೋಟಾರು ಬಂದ್ ಮಾಡಿ ಗಿರಣಿಯಲ್ಲೇ ಕೂತರು, ನಾನೂ ಅಲ್ಲಿದ್ದೆ.

ದುಂಡಪ್ಪ ಮೊದಲೇ ಬಿಸಿಯಾಗಿದ್ದ. “ಅಯ್ಯನವರ, ನೀವು ಹಳೇ ಸಭಾದವರು. ನಿಮ್ಮಲ್ಲಿ ಬೆಂಕಿ ಆರೇತಿ. ಗುಳಿಗಿ ನುಂಗಿ ಆರಾಮ ಆದ್ರ ಮಹಿಮಾ ಯಾರಿಗೆ ಹೋಗತೈತಿ ಹೇಳ್ರಿ? ಡಾಕ್ಟರಗ!”

“ಬೋರಿನ ನೀರ ಕುಡೀತಿ ಅಲ್ಲಪಾ, ಮಹಿಮಾ ಪಂಪಸೆಟ್ಟಿಗೆ ಹೋಗತೈತೇನು?”

ಬಾಗಿಲಲ್ಲಿ ಕೆಂಚವ್ವ ಕಿಸಕ್ಕೆಂದಳು. ದುಂಡಪ್ಪ ಅವಳ ಕಡೆ ಕಣ್ಣು ಕೆಂಪು ಮಾಡಿದ.

“ಸಿಟ್ಟ ಮಾಡಬ್ಯಾಡ ದುಂಡಪ್ಪಾ,” ಎಂದರು ಅಯ್ಯನವರು. “ಒಂದ ಮಾತ ಕೇಳತೇನಿ. ಯೇಸುಸ್ವಾಮಿನ್ನ ಶಿಲುಬಿಗೆ ಹಾಕಿದಾಗ ಮಗ್ಗಲದಾಗ ಒಬ್ಬ ಕಳ್ಳ ಇದ್ದ. ಅವಂಗ ಏನ ಸಿಕ್ತು?”

“ಅವತ್ತಽ ಪರಲೋಕ ಸಿಕ್ತ್ರಿ.”

“ಅದಕ್ಕ ಅಂವಾ ಏನ ಬಿಟ್ಟಾ?”

ದುಂಡಪ್ಪ ಬಾಯಿ ತೆರೆಯುವ ಮೊದಲೇ ಅಯ್ಯನವರು ಮುಂದುವರಿಸಿದರು.

“ಬಿಡಾಕ ಅವನ ಕಡೆ ಏನಿತ್ತೋ ತಮ್ಮಾ? ಮರಕ್ಕ ಜಡದಿದ್ರು. ನಿನ್ನ ಬುಟ್ಟ್ಯಾಗ ಏನರ ಹಾಕ್ತೇನಿ ಅಂದ್ರೂ ಅವಂಗ ಕೈ ಇರಲಿಲ್ಲ. ನನ್ನ ನೆನಪ ಇಟ್ಟಕೋ ಅಂತ ಬಾಯಿಲೆ ಅಂದ. ಅಷ್ಟಕ್ಕಽ ಸಿಕ್ತು. ನೀ ಇವಂಗ ಮ್ಯಾಲ ಒಂದ ಗುಳಿಗಿ ಪೊಟ್ಟಣದ ಬೆಲಿ ಹಚ್ಚೀದಿ.”

“ನಾ ಹಚ್ಚಿಲ್ಲ. ಮಂದಿ ಖುಷಿಲೆ ಇಡತಾರ.”

“ಖುಷಿಲೆ ಇಡತಾರ, ಹೌದು. ಇಡದವರನ್ನ ನೀರಿಗೆ ಇಳಸ್ತಿಯೇನು?”

ಅಯ್ಯನವರು ರಾಮಲಿಂಗಪ್ಪನ ಕಡೆ ತಿರುಗಿ ಅವನ ಒಣಗಿದ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

“ರಾಮಲಿಂಗಪ್ಪಾ, ರಕ್ಷಣಾ ಅಂದ್ರ ಕೆಮ್ಮು ನಿಲ್ಲೂದಲ್ಲ. ಕೆಮ್ಮಿದ್ರೂ ಅಂವಾ ನಿನ್ನ ಕೈ ಬಿಡಂಗಿಲ್ಲ ಅನ್ನೂದು. ನೀ ಏನೋ ಬಿಟ್ಟಿ ಅಂತ ಅಂವಾ ನಿನ್ನ ಹಿಡಕೊಂಡಿಲ್ಲ. ಅಂವಾ ಹಿಡಕೊಂಡಾನ ಅಂತನಽ ನೀ ಹಿಟ್ಟ ಕದಿಯೂದ ಬಿಟ್ಟಿ. ಯಾವುದ ಮೊದಲ, ಯಾವುದ ಆಮ್ಯಾಲ, ಅಷ್ಟ ತಿಳಕೋ.”

ರಾಮಲಿಂಗಪ್ಪ ಸಣ್ಣ ಹುಡುಗರ ಹಾಗೆ ಕೇಳಿದ: “ಹಂಗಾರ... ನಾ ಕೆಮ್ಮಿದ್ರ ಅವಂಗ ಸಿಟ್ಟ ಬರೂದಿಲ್ಲೇನ್ರಿ?”

“ಇಲ್ಲೋ ಮಗನಽ. ಕೆಮ್ಮು.”

ಅವನು ಕೆಮ್ಮಿದ. ತಿಂಗಳುಗಟ್ಟಲೆ ತಡೆದಿಟ್ಟದ್ದನ್ನೆಲ್ಲ ಎಲ್ಲರ ಎದುರು ಕೆಮ್ಮಿದ. ಸಾವಿತ್ರೆವ್ವ ಬೆನ್ನು ಹಿಡಿದುಕೊಂಡಿದ್ದಳು. ನಾನು ಹೊರಗೆ ಬಂದು ನಿಂತೆ, ನೋಡಲು ಆಗಲಿಲ್ಲ.

ಆ ಭಾನುವಾರ ಅವನು ಸಭೆಗೆ ಬಂದು, ಗೋಡೆ ಹಿಡಿದು ಎದ್ದು ನಿಂತ. “ಬಂಧುಗಳ, ನನಗ ಮತ್ತ ಕೆಮ್ಮು ಬಂದೈತಿ. ನಾ ಮುಚ್ಚಿಟ್ಟಿದ್ನಿ. ಯೇಸು ಸುಳ್ಳಲ್ಲ, ನನ್ನ ಸಾಕ್ಷಿ ಸುಳ್ಳ. ನನ್ನ ಮಾತ ಕೇಳಿ ಯಾರರ ಗುಳಿಗಿ ಬಿಟ್ಟಿದ್ರ...” ಎನ್ನುವಷ್ಟರಲ್ಲಿ ದುಂಡಪ್ಪ ಹಾಡು ಎತ್ತಿದ. ದಮ್ಮಡಿ ಬಡಿದರು. ರಾಮಲಿಂಗಪ್ಪನ ಬಾಯಿ ಆಡುತ್ತಲೇ ಇತ್ತು, ಏನೂ ಕೇಳಲಿಲ್ಲ. ಗಂಗಾ ಎದ್ದು ಅಪ್ಪನನ್ನು ಮನೆಗೆ ಕರೆದುಕೊಂಡು ಹೋದಳು.

ಮತ್ತೆ ಗುಳಿಗೆ ಶುರು ಮಾಡಿದರು. ಆದರೆ ನಡುವೆ ಬಿಟ್ಟ ರೋಗ ಈಗ ಹಳೆಯ ಗುಳಿಗೆಗೆ ಬಗ್ಗಲಿಲ್ಲ. ಬೆಳಗಾವಿಗೆ ಒಯ್ದರು, ಚುಚ್ಚುಮದ್ದು ಹಾಕಿದರು, ಎರಡೂ ಶ್ವಾಸಕೋಶ ಹೋಗಿವೆ ಎಂದರು. ಬೇಸಿಗೆಯ ಹೊತ್ತಿಗೆ ರಾಮಲಿಂಗಪ್ಪ ತೀರಿಕೊಂಡ. ಕೊನೆಯ ದಿನಗಳಲ್ಲಿ ಅವನ ಮುಖದಲ್ಲಿ ಭಯವಿರಲಿಲ್ಲ, ಅದನ್ನು ಸಾವಿತ್ರೆವ್ವ ಇವತ್ತಿಗೂ ಹೇಳುತ್ತಾಳೆ. ಅಷ್ಟು ಸಮಾಧಾನ. ಆದರೆ ನಲವತ್ತೂ ತುಂಬದ ಮನುಷ್ಯ ಬದುಕಬಹುದಿತ್ತು, ಬದುಕಲಿಲ್ಲ.

ಮಣ್ಣು ಮಾಡುವಾಗ ದುಂಡಪ್ಪ ಪ್ರಾರ್ಥನೆ ಮಾಡಿದ. ಅವನೂ ಅಳುತ್ತಿದ್ದ. ಅಳುತ್ತಲೇ, “ನಮ್ಮ ಸಹೋದರನ ವಿಶ್ವಾಸ ನಡುವ ಸ್ವಲ್ಪ ಅಳ್ಳಾಡಿತು, ಪ್ರಭು ಕ್ಷಮಿಸಲಿ...” ಎಂದ.

ಕೆಂಚವ್ವ ಕೂತಲ್ಲಿಂದ ಎದ್ದಳು. “ಅಳ್ಳಾಡಿದ್ದು ನನ್ನ ಮಗನ ಎದಿಯೋ ದುಂಡ್ಯಾ! ವಿಶ್ವಾಸ ಅಲ್ಲ! ಸತ್ತವನ ಮ್ಯಾಲೂ ತಪ್ಪ ಹೊರಸ್ತಿಯೇನು? ಮಣ್ಣ ಹಾಕು, ಬಾಯಿ ಮುಚ್ಚಿ ಮಣ್ಣ ಹಾಕು.”

ದುಂಡಪ್ಪ ಮಣ್ಣು ಹಾಕಿದ.

ಇಷ್ಟಕ್ಕೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಅಪ್ಪನ ಆರೈಕೆ ಮಾಡಿದ ಗಂಗಾಳಿಗೂ ಸಂಜೆ ಜ್ವರ ಬರತೊಡಗಿತು. ಈ ಸಲ ಸಾವಿತ್ರೆವ್ವ ಒಂದು ವಾರವೂ ಕಾಯಲಿಲ್ಲ, ಕಫ ತೋರಿಸಿ ಗುಳಿಗೆ ಶುರು ಮಾಡಿಸಿದಳು. ಹುಡುಗಿ ಬೇಗ ಚೇತರಿಸಿಕೊಂಡಳು. ಚೇತರಿಸಿಕೊಂಡವಳು ಒಂದು ದಿನ, “ಯವ್ವಾ, ನಾ ದೀಕ್ಷಾ ತಗೋತೇನಿ,” ಎಂದಳು.

ಸಾವಿತ್ರೆವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದಳು. “ನಿಮ್ಮಪ್ಪನ್ನ ತಿಂದದ್ದು ಸಾಲಲಿಲ್ಲೇನು? ಆ ಹೊಳಿ ದಂಡಿಗೆ ನೀ ಹೋಗಂಗಿಲ್ಲ.”

“ಅಪ್ಪನ್ನ ತಿಂದದ್ದು ಯೇಸು ಅಲ್ಲವ್ವಾ. ಅಪ್ಪ ಹೆಂಗಿದ್ದ, ಹೆಂಗಾದ, ನಾ ನೋಡೇನಿ. ಯಾರ ಹೇಳಿದ್ದಕ್ಕೂ ನಾ ನಂಬಿಲ್ಲ, ಅವನ ನೋಡಿ ನಂಬೇನಿ.”

“ಹಂಗಾರ ಅಯ್ಯನವರ ಕಡೆ ತಗೋ. ಅಲ್ಲಿ ಬುಟ್ಟಿ ಇಲ್ಲ, ಏನಿಲ್ಲ.”

“ಅಲ್ಲಿ ಹೋದ್ರ ನನಗ ಸಲೀಸ ಅಕ್ಕತಿ,” ಎಂದಳು ಗಂಗಾ. “ಬುಟ್ಟಿ ಇಲ್ಲೇ ಉಳೀತೈತಿ.”

ಸಾವಿತ್ರೆವ್ವ ಮತ್ತೆ ಒಲೆಯ ಮುಂದೆ ಕೂತು, “ಗುಳಿಗಿ ಒಂದ ಹೊತ್ತ ತಪ್ಪಿತಂದ್ರ ಹೊಳ್ಯಾಗ ನಾನಽ ಮುಳಗಸ್ತೇನಿ ನಿನ್ನ,” ಎಂದಳು. ಅದು ಅವಳ ಒಪ್ಪಿಗೆ.

ಆ ಮುಂಜಾನೆ ಮುನವಳ್ಳಿಯ ದಂಡೆಯಲ್ಲಿ ಬಿಳಿ ಬಟ್ಟೆ ಉಟ್ಟವರ ಸಾಲು. ಗಂಗಾಳ ಹಿಂದೆಯೇ ಮುರಗೋಡದ ಚನ್ನವ್ವ ಎಂಬ ಹೆಂಗಸು, ಸಕ್ಕರೆ ಕಾಯಿಲೆಯವಳು, ಗುಳಿಗೆಯ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ನೀರಿನ ಅಂಚಿನಲ್ಲಿ ಬುಟ್ಟಿ. ಅದರ ಪಕ್ಕದಲ್ಲಿ ದುಂಡಪ್ಪ, ಮೊಣಕಾಲವರೆಗೆ ಪಂಚೆ ಕಟ್ಟಿ ನಿಂತಿದ್ದ. ಹಾಡು ನಡೆದಿತ್ತು.

ಗಂಗಾ ಬುಟ್ಟಿಯ ಮುಂದೆ ಬಂದಳು. ಚೀಲದಿಂದ ಗುಳಿಗೆ ತೆಗೆದಳು. ಎಲ್ಲರೂ ಅವಳು ಬಗ್ಗುತ್ತಾಳೆಂದು ಕಾದರು. ಅವಳು ನೀರಿನ ಬಾಟಲಿಯ ಮುಚ್ಚಳ ತೆಗೆದು, ಗುಳಿಗೆ ಬಾಯಿಗೆ ಹಾಕಿ, ನೀರು ಕುಡಿದಳು. ಹಾಡು ಒಂದೊಂದೇ ಗಂಟಲಿನಲ್ಲಿ ನಿಂತಿತು.

“ಏನಿದು ತಂಗಿ?” ಎಂದ ದುಂಡಪ್ಪ. ಸಿಟ್ಟಿಗಿಂತ ಗಾಬರಿಯೇ ಹೆಚ್ಚು.

“ಹೊತ್ತಾಗಿತ್ತ ಕಾಕಾ. ಈಗ ಇಳಸ್ರಿ ನನ್ನ.”

“ಬುಟ್ಟಿಗೆ?”

“ಹಾಕೂದಿಲ್ಲ.”

ದುಂಡಪ್ಪ ಹತ್ತಿರ ಬಂದು ದನಿ ತಗ್ಗಿಸಿದ. ಬೇಡಿಕೊಳ್ಳುವ ಹಾಗೆ ಹೇಳಿದ. “ನೋಡವ್ವಾ, ಮಂದಿ ನೋಡಾಕಹತ್ತೇತಿ. ಇವತ್ತೊಂದಿನ ಹಾಕು, ಬರೇ ಪೊಟ್ಟಣ ಹಾಕು. ನಾಳಿಂದ ಮತ್ತ ತಗೋ, ನಾ ಕೇಳಂಗಿಲ್ಲ. ನೀ ಹಿಂಗ ಮಾಡಿದ್ರ ಉಳದವರ ವಿಶ್ವಾಸ ಅಳ್ಳಾಡತೈತಿ.”

“ಇಂದ ಹಾಕಿ ನಾಳಿ ತಗೊಂಡ್ರ ಅದು ಮತ್ತೊಂದ ಸುಳ್ಳ ಕಾಕಾ. ಅಪ್ಪಗ ಒಂದ ಸುಳ್ಳ ಸಾಕಾತು.” ಅವಳ ದನಿ ಸಾಲಿನ ಕೊನೆಯವರಿಗೂ ಕೇಳುವಷ್ಟು ಗಟ್ಟಿಯಾಗಿತ್ತು. “ಈ ಗುಳಿಗಿ ನನಗ ದೇವರಲ್ಲ. ಅದಕ್ಕ ಇದನ್ನ ಬಿಡೂದೂ ನನಗ ದೇವರ ಪೂಜಾ ಅಲ್ಲ. ಯೇಸು ನನ್ನ ಪಾಪ ಕೇಳ್ಯಾನ, ಅದನ್ನ ಕೊಡತೇನಿ. ಗುಳಿಗಿ ಅಂವಾ ಕೇಳಿಲ್ಲ, ನೀವು ಕೇಳಾಕಹತ್ತೀರಿ.”

ದುಂಡಪ್ಪನ ಮುಖ ಕಪ್ಪಿಟ್ಟಿತು. ಅವನು ಬುಟ್ಟಿ ನೋಡಿದ, ಜನ ನೋಡಿದ. “ಹಂಗಾರ ನಾ ನಿನ್ನ ನೀರಿಗೆ ಇಳಸಾಕ ಬರೂದಿಲ್ಲ.”

“ಬ್ಯಾಡ ಬಿಡ್ರಿ,” ಎಂದಳು ಗಂಗಾ. ಕಣ್ಣು ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ನಾ ದಂಡಿ ಮ್ಯಾಲ ನಿಂತಽ ನಂಬತೇನಿ.”

ಅವಳು ಸಾಲಿನಿಂದ ಹೊರಗೆ ಬಂದು, ಒಣ ಬಟ್ಟೆಯಲ್ಲೇ ಮರಳಿನ ಮೇಲೆ ಕೂತಳು. ಮನೆಗೆ ಹೋಗಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ. ಮುಂದಿನವರ ದೀಕ್ಷೆ ನೋಡಲು ಕೂತವಳ ಹಾಗೆ ಕೂತಳು.

ದುಂಡಪ್ಪ ಕೈ ಬೀಸಿದ. ಹಾಡು ಮತ್ತೆ ಎದ್ದಿತು, ಮೊದಲಿಗಿಂತ ಜೋರಾಗಿ. ಮುಂದಿನ ಸರದಿ ಚನ್ನವ್ವನದು. ಅವಳು ಬುಟ್ಟಿಯ ಮುಂದೆ ಬಂದು ನಿಂತು, ಸೆರಗಿನ ಗಂಟು ಬಿಚ್ಚಿದಳು. ಪೊಟ್ಟಣ ಅಂಗೈಯಲ್ಲಿತ್ತು. ಮುಂದೆ ಅವಳನ್ನು ಕೈಹಿಡಿದು ಇಳಿಸಲು ಕಾದ ಹಿರಿಯ, ಸುತ್ತ ಹಾಡುವ ತನ್ನವರೇ ಆದ ಜನ, ಪಕ್ಕದಲ್ಲಿ ಮರಳ ಮೇಲೆ ಒಬ್ಬಳೇ ಕೂತ ಆ ಹುಡುಗಿ. ಚನ್ನವ್ವ ಆ ಕಡೆಯೂ ನೋಡಿದಳು, ಈ ಕಡೆಯೂ ನೋಡಿದಳು.

ಆ ಪೊಟ್ಟಣ ನಿಮ್ಮ ಅಂಗೈಯಲ್ಲಿದ್ದಿದ್ದರೆ ನೀವು ಏನು ಮಾಡುತ್ತಿದ್ದಿರಿ?